ಉಂಡಿ ತಿಂದರು, ಪಗಾರ ಹಿಡಿದರು

ನಮಸ್ಕಾರ್ರೀ ಎಲ್ಲರಿಗೂ. ಈ ವಿಡಿಯೋ ಭಾನುವಾರವೇ ಬರಬೇಕಿತ್ತು. ಮೂರು ದಿನ ತಡವಾಯಿತು. ನಮ್ಮ ಎಡಿಟಿಂಗ್ ಹುಡುಗನಿಗೆ ಜ್ವರ. ಶನಿವಾರ ಬೆಳಿಗ್ಗೆ ಫೋನ್ ಮಾಡಿದ. "ಅಣ್ಣಾ, ಮೈ ಕೆಂಡ ಆಗೇತಿ, ಇವತ್ತ ಬರೂದ ಆಗಂಗಿಲ್ಲ" ಅಂದ. ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತಾ? "ಎಷ್ಟ್ ದಿನಾ?" ದವಾಖಾನೆಗೆ ಹೋದ್ಯಾ ಅಂತ ಕೇಳಿದ್ದು ಆಮೇಲೆ.

ಫೋನ್ ಇಟ್ಟ ಮೇಲೆ ಒಂಥರಾ ಆಯಿತು. ಆ ಮಾತು ನನ್ನದಲ್ಲ. ಹದಿನೈದು ವರ್ಷದ ಹಿಂದೆ ನಾನು ದುಡಿಯುತ್ತಿದ್ದ ಬಟ್ಟೆ ಅಂಗಡಿಯ ಸಾವ್ಕಾರ್ರದ್ದು. ಅವರು ಹೀಗೇ ಕೇಳುತ್ತಿದ್ದರು, ಇದೇ ಧಾಟಿಯಲ್ಲಿ.

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಅಂಗಡಿ ಅದು. ಹೆಸರು ಬೇಡ ಬಿಡಿ. ತಿಂಗಳಿಗೆ 4,500 ರೂಪಾಯಿ ಪಗಾರ. ಒಂದು ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯಾ ಬಂತು. ಕೈಕಾಲು ಕೀಲು ಎಲ್ಲಾ ಹಿಡಿದುಕೊಂಡು ಆರು ದಿನ ಮಲಗಿದ್ದೆ. ಎರಡನೇ ದಿನವೇ ಸಾವ್ಕಾರ್ರು ಇನ್ನೊಬ್ಬ ಹುಡುಗನ ಕೈಯಲ್ಲಿ 500 ರೂಪಾಯಿ ಕಳಿಸಿದ್ದರು, ಔಷಧಕ್ಕೆ ಅಂತ. ನಮ್ಮವ್ವ ಅಂತೂ "ದೇವರಂಥಾ ಮನಶ್ಯಾ" ಅಂತ ಕೈ ಮುಗಿದಳು. ತಿಂಗಳ ಕೊನೆಗೆ ಲಕೋಟೆ ತೆಗೆದರೆ 3,600 ಇತ್ತು. ದಿನಕ್ಕೆ 150ರಂತೆ ಆರು ದಿನದ್ದು ಹಿಡಿದಿದ್ದರು. ನಾನು ಏನಂದೆ? "ಉಪಕಾರ ಆತ್ರಿ ಸಾವ್ಕಾರ್ರ" ಅಂದೆ. ಮನಸಾರೆ ಅಂದೆ.

ಬಹಳ ವರ್ಷ ಆದ ಮೇಲೆ ಗೊತ್ತಾಯಿತು. ಆ 900 ನನ್ನದೇ ದುಡ್ಡು. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ ಒಂದಿದೆ, 1961ರದ್ದು. ಅಂಗಡಿಯಲ್ಲಿ ದುಡಿಯುವವರಿಗೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಪಗಾರ ಸಹಿತ ರಜೆ ಅದರಲ್ಲಿದೆ. ನನಗೆ ಜ್ವರ ಬರುವ ಹೊತ್ತಿಗೆ ಆ ಕಾಯ್ದೆಗೆ ಐವತ್ತು ವರ್ಷ ತುಂಬುತ್ತಾ ಬಂದಿತ್ತು. ಅಂದರೆ ಸಾವ್ಕಾರ್ರು 900 ಹಿಡಿದು 500 ಕೊಟ್ಟಿದ್ದರು. ಉಳಿದ 400ಕ್ಕೆ ನಾನು ಉಪಕಾರ ಹೇಳಿ ಬಂದಿದ್ದೆ!

ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬ ಅಕ್ಕ ಇದ್ದಳು, ಸೀರೆ ವಿಭಾಗದಲ್ಲಿ. ನಾಗರ ಪಂಚಮಿಗೆ ತವರಿಗೆ ಹೋಗಬೇಕು, ಎರಡು ದಿನ ಸೂಟಿ ಕೊಡ್ರಿ ಅಂತ ಕೇಳಿದಳು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳಿಗೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಜೋಕಾಲಿ, ಉಂಡಿ, ಅಳ್ಳು, ತವರಿನ ಅಂಗಳ. ಸಾವ್ಕಾರ್ರು ನಗುನಗುತ್ತಾ "ಹೋಗಿ ಬಾ ತಂಗಿ, ಬರೂ ಮುಂದ ಶೇಂಗಾ ಉಂಡಿ ತರೂದು ಮರೀಬ್ಯಾಡ" ಅಂದರು. ಅವಳು ಒಂದು ಡಬ್ಬಿ ತುಂಬ ತಂದಳು. ಅಂಗಡಿಯಲ್ಲಿ ಎಲ್ಲರೂ ತಿಂದೆವು, ಸಾವ್ಕಾರ್ರು ಎರಡು ಜಾಸ್ತಿನೇ ತಿಂದರು. ತಿಂಗಳ ಕೊನೆಗೆ ಅವಳ ಎರಡು ದಿನದ ಪಗಾರ ಹಿಡಿದರು. ಅವಳು ಮುಂದಿನ ಪಂಚಮಿಗೂ ಉಂಡಿ ತಂದಳು.

ನಮ್ಮೂರ ರಜೆಯ ಕಥೆ ಪೂರ್ತಿ ಈ ಡಬ್ಬಿಯಲ್ಲಿದೆ ಅನ್ನಿಸುತ್ತದೆ ನನಗೆ. ಪ್ರೀತಿಗೆ ಕೊರತೆ ಇಲ್ಲ. ಲೆಕ್ಕಕ್ಕೆ ಮಾತ್ರ ಕೊರತೆ.

ಲೆಕ್ಕ ಏನು, ನೋಡೋಣ ಬನ್ನಿ. ವಾರಕ್ಕೆ ಒಂದು ಪೂರ್ತಿ ದಿನ ರಜೆ, ವರ್ಷಕ್ಕೆ 52. ಇನ್ನು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಬೇರೆ ಇದೆ, 1963ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವು ಐದು, ಇವುಗಳ ಜೊತೆ ಹಬ್ಬಕ್ಕೆ ಇನ್ನೈದು. ಕಾಯಿಲೆಗೆ 12. ಕೊನೆಗೆ ಗಳಿಕೆ ರಜೆ, ಇಪ್ಪತ್ತು ದಿನ ದುಡಿದರೆ ಒಂದು ದಿನ. ಮೇಲಿನ ರಜೆಗಳನ್ನು ಕಳೆದು ಸುಮಾರು 290 ದಿನ ದುಡಿದರೆ 14 ದಿನ ಆಗುತ್ತದೆ. ಕೂಡಿಸಿ ನೋಡಿ, 88 ದಿನ. ನಮ್ಮ ಅಂಗಡಿಯ ಹುಡುಗರಿಗೆ ಈ ಸಂಖ್ಯೆ ಹೇಳಿದರೆ ನಗುತ್ತಾರೆ. ನಾನೂ ಮೊದಲ ಸಲ ನಕ್ಕಿದ್ದೆ.

ಗಳಿಕೆ ರಜೆ ಅನ್ನುವ ಹೆಸರನ್ನೇ ಸ್ವಲ್ಪ ನೋಡಿ. ಇಪ್ಪತ್ತು ದಿನ ಸೀರೆ ಮಡಚಿ, ಇಪ್ಪತ್ತು ದಿನ ಗೋದಾಮಿನಿಂದ ಗಂಟು ಹೊತ್ತು ತಂದ ಮೇಲೆ ಸಿಗುವ ಒಂದು ದಿನ ಅದು. ಆ ಅಕ್ಕ ಪಂಚಮಿಗೆ ಹೋದಾಗ ಅಂಥ ನಲವತ್ತು ದಿನ ಯಾವಾಗಲೋ ದುಡಿದಾಗಿತ್ತು.

ಹುಬ್ಬಳ್ಳಿಗೂ ಧಾರವಾಡಕ್ಕೂ ಇಪ್ಪತ್ತು ಕಿಲೋಮೀಟರ್. ಚಿಗರಿ ಬಸ್ ಹತ್ತಿದರೆ ಒಂದೇ ಊರು. ರಜೆ ವಿಷಯದಲ್ಲಿ ಮಾತ್ರ ಎರಡು ಬೇರೆ ದೇಶ. ಧಾರವಾಡದ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. 2019ರಲ್ಲಿ ನಾಲ್ಕನೇ ಶನಿವಾರವೂ ರಜೆ ಆಯಿತು, ಬದಲಿಗೆ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಇಳಿಸಿದ್ದಕ್ಕೆ ಆಗ ನನ್ನ ಚಿಕ್ಕಪ್ಪ ಒಂದು ವಾರ ಗೊಣಗಿದರು. ಗೊಣಗಲಿ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ತನಗೆ ಎಷ್ಟು ದಿನ ಬರಬೇಕು ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ಗೊಣಗಿದರು. ನನಗೆ ಅದೇ ಗೊತ್ತಿರಲಿಲ್ಲ.

ಹಳ್ಳಿಯ ಕಡೆ ಬಂದರೆ ಇನ್ನೂ ಮಜಾ. ನಮ್ಮ ಭಾಗದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಬಿತ್ತನೆ ಎಷ್ಟೇ ಅವಸರ ಇದ್ದರೂ ನಮ್ಮಜ್ಜ ನೊಗ ಮುಟ್ಟುತ್ತಿರಲಿಲ್ಲ. ಹಾಗಂತ ಸೋಮವಾರದ ಮೇವು ಕಡಿಮೆ ಮಾಡುತ್ತಿದ್ದನಾ? ಇಲ್ಲ. ಅದಕ್ಕೇ ಹೇಳುತ್ತೇನೆ, ಪಗಾರ ಸಹಿತ ರಜೆ ಅನ್ನುವುದು ನಮಗೆ ಹೊಸದಲ್ಲ.

ಈಗ ಅಂಗಡಿ ಇಟ್ಟವರು ಹೇಳುವುದನ್ನೂ ಕೇಳೋಣ. "ನಾ ಎಂದ ಸೂಟಿ ತಗೊಂಡೀನಿ? ನನಗ ಜ್ವರ ಬಂದ್ರ ಯಾರ ಪಗಾರ ಕೊಡ್ತಾರ?" ಈ ಮಾತಿನಲ್ಲಿ ಸತ್ಯ ಇದೆ. ಇಬ್ಬರೇ ಕೆಲಸದವರು ಇರುವ ಅಂಗಡಿಯಲ್ಲಿ, ದೀಪಾವಳಿ ವಾರದಲ್ಲಿ ಒಬ್ಬ ಬರದಿದ್ದರೆ ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. 12,000 ಪಗಾರ ಇದ್ದರೆ ದಿನಕ್ಕೆ 400. ಕಾಯಿಲೆಯ 12, ಗಳಿಕೆಯ 14, ಒಟ್ಟು 26 ದಿನ. ವರ್ಷಕ್ಕೆ 10,400. ತಿಂಗಳಿಗೆ 870ರ ಹತ್ತಿರ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು ಇವನ್ನೆಲ್ಲಾ ಮೊದಲೇ ಲೆಕ್ಕ ಹಿಡಿದು ವ್ಯಾಪಾರಕ್ಕೆ ಇಳಿಯುತ್ತೇವೆ. ಇದನ್ನು ಮಾತ್ರ ಯಾಕೆ ಹಿಡಿಯುವುದಿಲ್ಲ?

ದೊಡ್ಡ ಕಾಯಿಲೆ ಬಂದರೆ ಇಎಸ್‌ಐ ಇದೆ, ಅಂದರೆ ನೌಕರರ ರಾಜ್ಯ ವಿಮೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, 21,000 ರೂಪಾಯಿವರೆಗೆ ಪಗಾರ ಇದ್ದವರಿಗೆ. ಕೆಲಸಗಾರನಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು ರೂಪಾಯಿ. 12,000ಕ್ಕೆ ನಿಮ್ಮದು 90 ರೂಪಾಯಿ ಅಷ್ಟೇ. ವಂತಿಗೆ ಸರಿಯಾಗಿ ಕಟ್ಟಿದ್ದು, ಅವರ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ, ವರ್ಷಕ್ಕೆ 91 ದಿನದವರೆಗೆ ಪಗಾರದ ನೂರಕ್ಕೆ 70ರಷ್ಟು ಬರುತ್ತದೆ. ಮಾಲೀಕರ ಗಲ್ಲೆಯಿಂದಲ್ಲ, ಇಎಸ್‌ಐ ನಿಧಿಯಿಂದ. "ಇಎಸ್‌ಐ ಬ್ಯಾಡ್ರಿ, ಸುಮ್ನೆ ಕೈಗೆ ಕೊಡ್ರಿ" ಅನ್ನುವ ಹುಡುಗರೂ ಇದ್ದಾರೆ. ದಯವಿಟ್ಟು ಹಾಗನ್ನಬೇಡಿ.

ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶದವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದರೆ ಗಳಿಕೆ ರಜೆ. ಈಗ 180 ದಿನ ಸಾಕು. ಇನ್ನು ಹೆಣ್ಣುಮಕ್ಕಳ ಮುಟ್ಟಿನ ರಜೆ, ತಿಂಗಳಿಗೆ ಒಂದು ದಿನ, ಇದಕ್ಕೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಜ್ವರಕ್ಕೇ ರಜೆ ಕೇಳಲು ಹಿಂಜರಿಯುವ ಕೌಂಟರಿನಲ್ಲಿ ಇದನ್ನು ಬಾಯಿಬಿಟ್ಟು ಕೇಳುವವರು ಯಾರು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವ ಅಕ್ಕಂದಿರ ಹತ್ತಿರ ಈ 88ರ ಲೆಕ್ಕ ಹೇಳಲು ನನಗೆ ಧೈರ್ಯ ಇಲ್ಲ. ಘಾಟಿಗೆ ಕೆಮ್ಮು ಬಂದು ಮನೆಯಲ್ಲಿ ಉಳಿದರೆ ಅವತ್ತಿನ ಕೂಲಿ ಇಲ್ಲ, ಅಷ್ಟೇ. ಅವರದು ಬೇರೆಯೇ ವಿಡಿಯೋ ಆಗಬೇಕು.

ಪಗಾರಕ್ಕೆ ದುಡಿಯುವವರು ಒಂದು ಕೆಲಸ ಮಾಡಿ. ರಜೆಯನ್ನು ಬಾಯಿಮಾತಲ್ಲಿ ಕೇಳಬೇಡಿ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ, ಯಾವ ತಾರೀಕು, ಏನು ಕಾರಣ ಅಂತ. ಡಾಕ್ಟರ್ ಚೀಟಿಯ ಫೋಟೋ ಹಾಕಿ. ನೇಮಕಾತಿ ಪತ್ರ ಕೇಳಿ ತೆಗೆದುಕೊಳ್ಳಿ. ನಾಳೆ ಕಾರ್ಮಿಕ ಇಲಾಖೆಗೆ ಹೋಗುವ ಹೊತ್ತು ಬಂದರೆ ಇನ್ಸ್‌ಪೆಕ್ಟರ್ ಕೇಳುವುದು ಕಾಗದವನ್ನೇ. ಗದಗದ ಪ್ರೆಸ್ಸಿನಲ್ಲಿ ದುಡಿಯುವ ನನ್ನ ಗೆಳೆಯ ಒಬ್ಬ ಹೇಳುತ್ತಿರುತ್ತಾನೆ, "ಕ್ಯಾಲೆಂಡರಿನ್ಯಾಗ ಕೆಂಪು ಅಂಕಿ ಹಾಕಾಂವ ನಾನ, ಅವತ್ತ ಡ್ಯೂಟಿ ಮಾಡಾಂವನೂ ನಾನ" ಅಂತ. ರಜೆಯ ದಿನ ದುಡಿಸಿಕೊಂಡರೆ ಎರಡು ಪಟ್ಟು ಪಗಾರ ಕೊಡಬೇಕು, ಇಲ್ಲವೇ ಅವತ್ತಿನ ಪಗಾರದ ಜೊತೆ ಬದಲಿಗೆ ಇನ್ನೊಂದು ದಿನ ಪಗಾರ ಸಹಿತ ರಜೆ. ಅವನು ಈ ಮಾತನ್ನು ಇನ್ನೂ ಮಾಲೀಕರ ಮುಂದೆ ಆಡಿಲ್ಲ.

ಶನಿವಾರ ಸಂಜೆ ನಾನು ಒಂದು ನೋಟ್‌ಬುಕ್ ತಂದೆ. ಹುಡುಗನ ಹೆಸರಿನಲ್ಲಿ ಒಂದು ಪುಟ. ಕಾಯಿಲೆ ರಜೆ 12. ಇವತ್ತಿಗೆ ಐದು ಹೋದವು, ಏಳು ಉಳಿದಿವೆ. ಆಮೇಲೆ ಹಳೆಯ ಮೊಬೈಲ್ ಮೆಸೇಜು ನೋಡುತ್ತಾ ಕೂತೆ. ಹೋದ ನವೆಂಬರ್ 1ರಂದು ನಾನೇ ಅವನಿಗೆ ಬೆಳಿಗ್ಗೆ ಎಂಟಕ್ಕೆ ಕಳಿಸಿದ ಮೆಸೇಜ್ ಸಿಕ್ಕಿತು. "ಲಗೂನ ಬಾ, ರಾಜ್ಯೋತ್ಸವದ ವಿಡಿಯೋ ಮಧ್ಯಾಹ್ನದೊಳಗ ಬಿಡಬೇಕು." ಕೆಳಗೆ ಹಳದಿ ಕೆಂಪು ಬಾವುಟದ ಚಿತ್ರ ಬೇರೆ ಹಾಕಿದ್ದೆ.

ಅದನ್ನೂ ಪುಟದಲ್ಲಿ ಬರೆದೆ. ಒಂದು ದಿನದ್ದು, ನಾನು ಕೊಡಬೇಕಾದದ್ದು.