ತೆಂಗಿನೆಣ್ಣೆ ಹಚ್ಚಿದಾಗ ಕಾರಿನೊಳಗಿನ ಮರದ ಫಲಕದ ಗೀರು ಎಲ್ಲಿಗೆ ಹೋಗುತ್ತದೆ?

[ದೃಶ್ಯ: ಮೇಜಿನ ಮೇಲೆ ಗೇರ್ ಲಿವರ್ ಸುತ್ತ ಕೂರುವ ಮರದ ಫಲಕ. ಪಕ್ಕದಲ್ಲಿ ಒಂದು ಬಟ್ಟಲು ತೆಂಗಿನೆಣ್ಣೆ.]

ನಮಸ್ಕಾರ. ಉಡುಪಿಯ ಕುಂಜಿಬೆಟ್ಟಿನ ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆಯೊಂದು ಕೆಲವು ವಾರಗಳಿಂದ ನನ್ನ ತಲೆಯಲ್ಲಿ ಕುಳಿತಿದೆ. ಅವರು ಕೊಂಡ ಹಳೆಯ ಕಾರಿನಲ್ಲಿ ಗೇರ್ ಲಿವರ್‌ನ ಸುತ್ತ ಹೊಳೆಯುವ ಮರದ ಫಲಕವಿದೆ. ಬೀಗದ ಕೈಗಳ ಗೊಂಚಲು ಉಜ್ಜಿ ಉಜ್ಜಿ ಅದರ ಮೇಲೆ ಮೂರು ಬಿಳಿಯ ಗೀರುಗಳು ಮೂಡಿದ್ದವು. ಮನೆಯ ಹಿರಿಯರು ಹೇಳಿದಂತೆ ಅವರು ಬೆರಳ ತುದಿಯಿಂದ ಎರಡು ತೊಟ್ಟು ತೆಂಗಿನೆಣ್ಣೆ ಹಚ್ಚಿ ನೋಡಿದರು. ಗೀರುಗಳು ಕಣ್ಣೆದುರಿನಲ್ಲೇ ಮಾಯವಾದವು. ಸಂತೋಷದಿಂದ ಬಟ್ಟೆಯಲ್ಲಿ ಒರೆಸಿ, ಮಣಿಪಾಲಕ್ಕೆ ಹೋಗಿ, ಸಂಜೆ ಮರಳಿ ಬಂದು ನೋಡಿದರೆ ಮೂರೂ ಗೀರುಗಳು ಮತ್ತೆ ಅಲ್ಲೇ ಇದ್ದವು. ಅವು ಹೋದದ್ದೆಲ್ಲಿಗೆ, ಮರಳಿ ಬಂದದ್ದು ಹೇಗೆ ಎಂಬುದು ಅವರ ಪ್ರಶ್ನೆ. ಆ ಫಲಕವನ್ನು ಬಿಚ್ಚಿ ಮಂಗಳೂರಿಗೆ ತಂದುಕೊಟ್ಟಿದ್ದಾರೆ. ನೀವು ಈಗ ನೋಡುತ್ತಿರುವುದು ಅದನ್ನೇ.

ಮೊದಲು ಈ ಫಲಕದ ರಚನೆಯನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕಾರಿನೊಳಗೆ ಕಾಣುವ ಮರ ಇಡೀ ಹಲಗೆಯಾಗಿರುವುದು ಬಹಳ ಅಪರೂಪ. ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್‌ನ ತಳದ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾಗಿ ಸೀಳಿದ ಮರದ ಹಾಳೆಯನ್ನು, ಅಂದರೆ ವಿನಿಯರನ್ನು, ಅಂಟಿಸಿ, ಅದರ ಮೇಲೆ ಪಾರದರ್ಶಕವಾದ ದಪ್ಪ ಮೆರುಗನ್ನು ಹಚ್ಚಿರುತ್ತಾರೆ. ನಮ್ಮಲ್ಲಿ ಓಡಾಡುವ ಬಹುಪಾಲು ಕಾರುಗಳಲ್ಲಿ ವಿನಿಯರ್ ಕೂಡ ಇರುವುದಿಲ್ಲ. ಮರದ ಎಳೆಗಳ ಚಿತ್ರವನ್ನು ಪ್ಲಾಸ್ಟಿಕ್‌ನ ಮೇಲೆ ಮುದ್ರಿಸಿ, ಅದಕ್ಕೆ ತೆಳುವಾದ ಮೆರುಗು ಕೊಟ್ಟಿರುತ್ತಾರೆ. ಎರಡರಲ್ಲಿಯೂ ನಿಮ್ಮ ಬೆರಳು ಮುಟ್ಟುವುದು ಮೆರುಗನ್ನು, ಮರವನ್ನಲ್ಲ. ಆದ್ದರಿಂದ ಸಣ್ಣ ಗೀರು ಬೀಳುವುದೂ ಮೆರುಗಿನ ಮೇಲೆಯೇ. ಕೆಳಗಿರುವ ಮರ ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಇಂದಿಗೂ ಹಾಗೆಯೇ ಇರುತ್ತದೆ.

ಹಾಗಾದರೆ ಆ ಬಿಳಿಯ ಬಣ್ಣ ಎಲ್ಲಿಂದ ಬಂತು? ಇಡೀ ವಿಡಿಯೋದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

[ದೃಶ್ಯ: ರುಬ್ಬುವ ಕಲ್ಲು. ಒಣಗಿದ ಅರ್ಧ ಭಾಗ, ನೀರು ಸುರಿದ ಅರ್ಧ ಭಾಗ.]

ನಿಮ್ಮ ಮನೆಯಲ್ಲಿ ಹಳೆಯ ರುಬ್ಬುವ ಕಲ್ಲು ಇದ್ದರೆ ಅದನ್ನು ಒಮ್ಮೆ ನೆನಪಿಸಿಕೊಳ್ಳಿ. ಉಳಿಪೆಟ್ಟು ತಿಂದ ಅದರ ಮೈ ಒಣಗಿದಾಗ ಬೂದುಬಣ್ಣಕ್ಕೆ ತಿರುಗಿರುತ್ತದೆ. ಒಂದು ಚೆಂಬು ನೀರು ಹಾಕಿದ ಕೂಡಲೇ ಅದೇ ಕಲ್ಲು ಕಪ್ಪಾಗಿ ಮಿನುಗುತ್ತದೆ. ಕಲ್ಲಿನ ಬಣ್ಣ ಬದಲಾಗಿಲ್ಲ. ಒಣಗಿದ್ದಾಗ ಉಳಿಯ ಗುರುತುಗಳ ಸಾವಿರಾರು ಏರುತಗ್ಗುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುತ್ತಿದ್ದವು, ಹಾಗೆ ಚದುರಿದ ಬೆಳಕು ನಮ್ಮ ಕಣ್ಣಿಗೆ ಬಿಳುಪಾಗಿ ಕಾಣುತ್ತಿತ್ತು. ನೀರು ಆ ತಗ್ಗುಗಳನ್ನು ತುಂಬಿ ಮೈಯನ್ನು ಸಮತಟ್ಟು ಮಾಡಿದಾಗ ಚದುರುವಿಕೆ ಕುಗ್ಗಿ ಕಲ್ಲಿನ ನಿಜವಾದ ಕಪ್ಪು ಹೊರಗೆ ಬಂತು. ಎಣ್ಣೆ ಹಚ್ಚಿದ ಕರಿಕಲ್ಲಿನ ಮೂರ್ತಿ ದೀಪದ ಬೆಳಕಿನಲ್ಲಿ ಅಷ್ಟು ಆಳವಾಗಿ ಕಪ್ಪಗೆ ಕಾಣುವುದಕ್ಕೂ ಇದೇ ಕಾರಣ. ಕಾರಿನ ಫಲಕದ ಗೀರು ಎಂದರೆ ಮೆರುಗಿನಲ್ಲಿ ಬಿದ್ದ ಒಂದೇ ಒಂದು ಉಳಿಗೆರೆ. ಅದರ ಎರಡು ಗೋಡೆಗಳು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ.

ಈಗ ಎಣ್ಣೆಗೆ ಬರೋಣ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ, ಎಷ್ಟು ಪ್ರತಿಫಲಿಸುತ್ತದೆ ಎಂಬುದನ್ನು ಆ ಎರಡು ಮಾಧ್ಯಮಗಳ ವಕ್ರೀಭವನ ಸೂಚ್ಯಂಕಗಳ ನಡುವಿನ ಅಂತರ ನಿರ್ಧರಿಸುತ್ತದೆ ಎಂದು ಪ್ರೌಢಶಾಲೆಯಲ್ಲಿ ಓದಿದ್ದೇವೆ. ಗಾಳಿಯ ಸೂಚ್ಯಂಕ 1, ನೀರಿನದು 1.33, ಮೆರುಗಿನದು ಸುಮಾರು 1.5, ತೆಂಗಿನೆಣ್ಣೆಯದು ಸುಮಾರು 1.45. ಕೊನೆಯ ಎರಡು ಸಂಖ್ಯೆಗಳು ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ಗಮನಿಸಿ. ಗೀರಿನ ಗೋಡೆಗೆ ನೇರವಾಗಿ ಬೆಳಕು ಬಿದ್ದರೆ, ಅಲ್ಲಿ ಗಾಳಿ ತುಂಬಿರುವಾಗ ಹತ್ತು ಸಾವಿರ ಪಾಲು ಬೆಳಕಿನಲ್ಲಿ 400 ಪಾಲು ಹಿಂದಕ್ಕೆ ಚಿಮ್ಮುತ್ತದೆ. ಅದೇ ಗೀರಿನಲ್ಲಿ ನೀರು ತುಂಬಿದರೆ ಚಿಮ್ಮುವುದು ಸುಮಾರು 36 ಪಾಲು. ತೆಂಗಿನೆಣ್ಣೆ ತುಂಬಿದರೆ ಸುಮಾರು 3 ಪಾಲು ಮಾತ್ರ. ಗೀರು ಎಲ್ಲಿಗೂ ಹೋಗಿರಲಿಲ್ಲ. ಅದರ ಗೋಡೆಗಳು ಬೆಳಕಿಗೆ ಕಾಣದಂತಾಗಿದ್ದವು, ಅಷ್ಟೇ.

[ದೃಶ್ಯ: ಎಣ್ಣೆಯ ಬಟ್ಟಲಿಗೆ ಗಾಜಿನ ಕಡ್ಡಿಯನ್ನು ಇಳಿಸುವುದು, ಹತ್ತಿರದಿಂದ.]

ಇದನ್ನು ಮಾತಿನಲ್ಲಿ ನಂಬಬೇಕಾಗಿಲ್ಲ. ಇದು ಪ್ರಯೋಗಾಲಯದಲ್ಲಿ ಬಳಸುವ ಬೋರೋಸಿಲಿಕೇಟ್ ಗಾಜಿನ ಕಡ್ಡಿ. ಇದರ ಸೂಚ್ಯಂಕ ಸುಮಾರು 1.47. ಬಟ್ಟಲಿನ ತೆಂಗಿನೆಣ್ಣೆಗೆ ಇದನ್ನು ನಿಧಾನವಾಗಿ ಇಳಿಸುತ್ತಿದ್ದೇನೆ. ಎಣ್ಣೆಯ ಮೇಲಿರುವ ಅರ್ಧ ಕಡ್ಡಿ ಮೊದಲಿನಂತೆಯೇ ಮಿನುಗುತ್ತಿದೆ. ಒಳಗಿರುವ ಅರ್ಧದಲ್ಲಿ ಅಂಚುಗಳ ಮಸುಕಾದ ಎರಡು ಎಳೆಗಳನ್ನು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ, ಕಡ್ಡಿಯನ್ನು ಯಾರೋ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಕತ್ತರಿಸಿದಂತೆ ತೋರುತ್ತದೆ. ಇದನ್ನು ಎಷ್ಟು ಬಾರಿ ನೋಡಿದರೂ ನನಗೆ ಬೆರಗು ಕಡಿಮೆಯಾಗುವುದಿಲ್ಲ. ಕುಂಜಿಬೆಟ್ಟಿನ ಆ ಕಾರಿನಲ್ಲಿ ನಡೆದದ್ದೂ ಇದೇ.

ಎಣ್ಣೆ ಹಾಗೆಯೇ ಉಳಿಯುವುದಿಲ್ಲ ಎಂಬುದು ಮುಂದಿನ ಮಾತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ನಮ್ಮ ಕರಾವಳಿಯಲ್ಲಿ ಅದು ವರ್ಷದ ಬಹುಪಾಲು ದಿನ ದ್ರವವಾಗಿಯೇ ಇರುತ್ತದೆ. ಬಟ್ಟೆ ತಾಗಿದರೆ ಗೀರಿನಿಂದ ಹೊರಬರುತ್ತದೆ, ಬಿಸಿಲಿಗೆ ಕಾದ ಕಾರಿನಲ್ಲಿ ಇನ್ನಷ್ಟು ತೆಳುವಾಗಿ ಹರಡಿಕೊಳ್ಳುತ್ತದೆ. ಇದಕ್ಕಿಂತಲೂ ಕೆಟ್ಟ ಸಂಗತಿಯೆಂದರೆ ಅದು ಧೂಳನ್ನು ಹಿಡಿದಿಡುತ್ತದೆ. ಮಲ್ಪೆಗೋ ಪಣಂಬೂರಿಗೋ ಹೋಗಿ ಬಂದ ಕಾರಿನೊಳಗೆ ಕಾಲು, ಚಪ್ಪಲಿಗಳ ಜೊತೆ ಎಷ್ಟು ಹೊಯಿಗೆ ಬರುತ್ತದೆ ಎಂಬುದು ನಿಮಗೆ ಗೊತ್ತು. ಕಡಲತೀರದ ಹೊಯಿಗೆಯಲ್ಲಿ ಹೆಚ್ಚಾಗಿರುವ ಸ್ಫಟಿಕಶಿಲೆಯ ಗಡಸುತನ ಮೋಹ್ಸ್ ಮಾಪನದಲ್ಲಿ 7, ಅಂದರೆ ಅದು ಕಿಟಕಿಯ ಗಾಜನ್ನೂ ಗೀರಬಲ್ಲದು. ಎಣ್ಣೆಗೆ ಅಂಟಿದ ಅಂಥ ಕಣಗಳ ಮೇಲೆ ಬಟ್ಟೆಯನ್ನು ಎಳೆದರೆ ನೀವು ಸಾಣೆ ಹಿಡಿದಂತೆಯೇ ಆಗುತ್ತದೆ. ಮೂರು ಗೀರುಗಳನ್ನು ಮುಚ್ಚಲು ಹೋಗಿ ಮುನ್ನೂರು ಕೂದಲೆಳೆಯ ಗೀರುಗಳನ್ನು ತಂದುಕೊಂಡವರ ಕಾರುಗಳನ್ನು ನಾನು ನೋಡಿದ್ದೇನೆ.

ಆದರೂ ಆ ಹಿರಿಯರ ಸಲಹೆಯನ್ನು ತಳ್ಳಿಹಾಕಬೇಡಿ. ಅದನ್ನು ಚಿಕಿತ್ಸೆಯೆಂದು ತಿಳಿಯದೆ ರೋಗಪರೀಕ್ಷೆಯೆಂದು ತಿಳಿದರೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಎಣ್ಣೆಯ ಬದಲು ಒಂದು ತೊಟ್ಟು ಶುದ್ಧ ನೀರನ್ನು ಗೀರಿನ ಮೇಲೆ ಇಡಿ. ಗೀರು ಮಾಯವಾದರೆ ಅಥವಾ ಬಹಳಷ್ಟು ಮಸುಕಾದರೆ ಅದು ಮೆರುಗಿನ ಮೇಲ್ಪದರದಲ್ಲಿದೆ, ಅದನ್ನು ನೀವೇ ತೆಗೆಯಬಹುದು. ನೀರಿನಡಿಯಲ್ಲಿಯೂ ಸ್ಪಷ್ಟವಾಗಿ ಕಂಡರೆ ಅದು ಬಹುಶಃ ಗೀರಲ್ಲ, ಮೆರುಗಿನ ಒಳಗಿನ ಬಿರುಕು, ಇಲ್ಲವೇ ಮರದವರೆಗೆ ಇಳಿದ ಗಾಯ. ಅದಕ್ಕೆ ಪಾಲಿಶ್ ಹಾಕಿ ಪ್ರಯೋಜನವಿಲ್ಲ. ಮೆರುಗನ್ನು ತೆಗೆದು ಹೊಸದಾಗಿ ಹಚ್ಚಬಲ್ಲ ಕುಶಲಕರ್ಮಿಯ ಬಳಿಗೇ ಹೋಗಬೇಕು. ಇನ್ನೊಂದು ಪರೀಕ್ಷೆ ಉಗುರಿನದು. ಉಗುರನ್ನು ಗೀರಿಗೆ ಅಡ್ಡವಾಗಿ ಹಗುರವಾಗಿ ಎಳೆದಾಗ ಅದು ಸಿಕ್ಕಿಕೊಂಡರೆ ಗೀರು ಪೂರ್ತಿಯಾಗಿ ಹೋಗುವ ನಿರೀಕ್ಷೆ ಬೇಡ.

ಪಾಲಿಶ್ ಕೈಗೆತ್ತಿಕೊಳ್ಳುವ ಮುನ್ನ ಫಲಕ ಹೊಳೆಯುವಂಥದ್ದೋ ಮಂಕಾದದ್ದೋ ಎಂದು ದಯವಿಟ್ಟು ನೋಡಿ. ಇತ್ತೀಚಿನ ಕೆಲವು ಕಾರುಗಳಲ್ಲಿ ಮರದ ರಂಧ್ರಗಳು ಬೆರಳಿಗೆ ತಾಗುವಂಥ, ಹೊಳಪಿಲ್ಲದ ಫಲಕಗಳಿರುತ್ತವೆ. ಅವುಗಳ ಮೇಲಿನ ಲೇಪ ಅತ್ಯಂತ ತೆಳು. ಎರಡು ವರ್ಷಗಳ ಹಿಂದೆ ಸಂಬಂಧಿಕರೊಬ್ಬರ ಕಾರಿನ ಅಂಥ ಫಲಕವೊಂದಕ್ಕೆ ನಾನು ಈ ವ್ಯತ್ಯಾಸವನ್ನು ಗಮನಿಸದೆ ಪಾಲಿಶ್ ಉಜ್ಜಿದೆ. ಗೀರು ಹೋಯಿತು, ಆದರೆ ಅದರ ಜಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಅಗಲದ ಹೊಳೆಯುವ ಕಲೆ ಉಳಿಯಿತು. ಹೊಳಪು ತರುವ ದಾರಿ ಇದೆ. ಬಂದ ಹೊಳಪನ್ನು ಸುತ್ತಲಿನ ಮಂಕಿಗೆ ಸರಿಹೊಂದುವಂತೆ ಹಿಂತೆಗೆಯುವ ಸುಲಭದ ದಾರಿ ಇಲ್ಲ. ಆ ಕಲೆ ಇಂದಿಗೂ ಹಾಗೆಯೇ ಇದೆ, ಆ ಕಾರಿನಲ್ಲಿ ಕುಳಿತಾಗಲೆಲ್ಲ ನನಗೆ ನೋವಾಗುತ್ತದೆ.

ಇನ್ನು ಗೀರನ್ನು ತೆಗೆಯುವುದು ಎಂದರೆ ನಿಜವಾಗಿ ಏನು ಮಾಡುವುದು? ಗೀರು ಒಂದು ತಗ್ಗು. ತಗ್ಗನ್ನು ಕಿತ್ತೆಸೆಯಲು ಬರುವುದಿಲ್ಲ, ಅದರ ಸುತ್ತಲಿನ ನೆಲವನ್ನು ತಗ್ಗಿನ ಮಟ್ಟಕ್ಕೆ ಇಳಿಸಬೇಕಾಗುತ್ತದೆ. ಆದ್ದರಿಂದ ಪ್ರತಿ ಉಜ್ಜುವಿಕೆಯಲ್ಲಿಯೂ ಮೆರುಗಿನ ಒಂದಿಷ್ಟು ದಪ್ಪ ಖರ್ಚಾಗುತ್ತದೆ. ಕಾರಿನ ಹೊರಮೈಯ ಪಾರದರ್ಶಕ ಲೇಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತಲೂ ತೆಳು. ನಿಜವಾದ ಮರದ ಹೊಳಪಿನ ಫಲಕಗಳ ಮೆರುಗು ಅದರ ಹಲವು ಪಟ್ಟು ದಪ್ಪವಿರುತ್ತದೆ, ಹಾಗಾಗಿ ಅಲ್ಲಿ ಸ್ವಲ್ಪ ಧೈರ್ಯ ಮಾಡಬಹುದು. ಮುದ್ರಿತ ಪ್ಲಾಸ್ಟಿಕ್ ಫಲಕದಲ್ಲಿ ಆ ಧೈರ್ಯ ಸಲ್ಲದು. ತುಳುನಾಡಿನ ಹಳೆಯ ಗುತ್ತಿನ ಮನೆಗಳ ಬೀಟೆ, ಹಲಸಿನ ಪೀಠೋಪಕರಣಗಳಿಗೆ ಅರಗಿನ ಪಾಲಿಶ್ ಹಾಕುವವರು ಸ್ಪಿರಿಟ್ ತಾಗಿಸಿ ಹಳೆಯ ಲೇಪವನ್ನೇ ಕರಗಿಸಿ ಗೀರನ್ನು ಕೂಡಿಸಿಬಿಡುತ್ತಾರೆ. ಅರಗು ಸ್ಪಿರಿಟ್‌ನಲ್ಲಿ ಕರಗುವುದರಿಂದ ಅದು ಸಾಧ್ಯ. ಕಾರಿನ ಫಲಕದ ಗಟ್ಟಿಗೊಂಡ ಪಾಲಿಯುರೆಥೇನ್ ಮೆರುಗು ಹಾಗೆ ಕರಗಿ ಕೂಡಿಕೊಳ್ಳುವುದಿಲ್ಲ, ಸ್ಪಿರಿಟ್ ತಾಗಿದರೆ ಮಂಕಾಗುವ ಅಪಾಯವೇ ಹೆಚ್ಚು.

[ದೃಶ್ಯ: ಫಲಕದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸುವುದು, ಬೆರಳಿಗೆ ಸುತ್ತಿದ ಬಟ್ಟೆ.]

ಕೆಲಸವನ್ನು ನೆರಳಿನಲ್ಲಿ, ಫಲಕ ತಣ್ಣಗಿರುವಾಗ ಮಾಡಿ, ಏಕೆಂದರೆ ಕಾದ ಮೈಯ ಮೇಲೆ ಪಾಲಿಶ್ ಬೇಗ ಒಣಗಿ ಕಣಗಳು ಗಟ್ಟಿಯಾಗುತ್ತವೆ. ಉಂಗುರ, ಗಡಿಯಾರಗಳನ್ನು ತೆಗೆದಿಡಿ. ಮೃದುವಾದ ಕುಂಚದಿಂದ ಹೊಯಿಗೆಯನ್ನು ಸಂದುಗಳಿಂದ ಹೊರತೆಗೆದು, ಸೌಮ್ಯವಾದ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಬಾರಿ ಒರೆಸಿ ಒಣಗಿಸಿ. ಮೊದಲು ಎಣ್ಣೆ ಹಚ್ಚಿದ್ದರೆ ಈ ಹಂತದಲ್ಲಿ ಅದು ಪೂರ್ತಿಯಾಗಿ ಹೋಗಿರಬೇಕು. ಸುತ್ತಲಿನ ಚರ್ಮ, ಗುಂಡಿಗಳು, ಎಸಿ ಕಿಂಡಿಗಳ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಳಿಕ ಅಂಗಡಿಯಲ್ಲಿ ಸಿಗುವ ಅತ್ಯಂತ ನಯವಾದ ಫಿನಿಶಿಂಗ್ ಪಾಲಿಶನ್ನು ಅರ್ಧ ಕಡಲೆಕಾಳಿನಷ್ಟು ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ಗೀರಿಗಿಂತ ಸ್ವಲ್ಪ ಅಗಲವಾದ ಜಾಗದಲ್ಲಿ, ಒಂದರ ಮೇಲೊಂದು ಬರುವ ಸಣ್ಣ ವೃತ್ತಗಳಲ್ಲಿ ಅರ್ಧ ನಿಮಿಷ ಉಜ್ಜಿ. ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಮೂರು ನಾಲ್ಕು ಬಾರಿಯೂ ಫಲ ಸಿಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದ ಪಾಲಿಶ್ ಬಳಸಿ, ಅದು ಬಿಟ್ಟ ಮಂಕನ್ನು ಮತ್ತೆ ನಯವಾದದ್ದರಿಂದ ತೆಗೆಯಿರಿ. ಫಲಕದ ಅಂಚುಗಳಲ್ಲಿ ಮೆರುಗು ತೆಳುವಾಗಿರುವುದರಿಂದ ಅಲ್ಲಿ ಒತ್ತಬೇಡಿ.

ಅವಧಿ ಮೀರುತ್ತಿದೆ, ಉಳಿದ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರಿಸುತ್ತೇನೆ. ಟೂತ್‌ಪೇಸ್ಟ್‌ನಲ್ಲಿಯೂ ಉಜ್ಜುವ ಕಣಗಳಿವೆ, ಆದರೆ ಅವು ಹಲ್ಲಿಗಾಗಿ ಮಾಡಿದವು, ಒಂದು ಪೇಸ್ಟ್‌ನಿಂದ ಇನ್ನೊಂದಕ್ಕೆ ಒರಟುತನ ಬದಲಾಗುತ್ತದೆ, ನಾನು ಬಳಸುವುದಿಲ್ಲ. 2000 ಅಥವಾ 3000 ಸಂಖ್ಯೆಯ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ, ದಪ್ಪ ಮೆರುಗಿನ ನಿಜ ಮರಕ್ಕೆ ಮಾತ್ರ, ಅದೂ ಅನುಭವವಿದ್ದವರ ಕೈಯಲ್ಲಿ. ಸಿಲಿಕೋನ್ ಇರುವ ಡ್ಯಾಶ್‌ಬೋರ್ಡ್ ಸ್ಪ್ರೇಗಳನ್ನು ದೂರವಿಡಿ, ಮುಂದೆ ಎಂದಾದರೂ ಹೊಸ ಮೆರುಗು ಹಚ್ಚಬೇಕಾದಾಗ ಅದು ಸರಿಯಾಗಿ ಹಿಡಿಯದೆ ಸಣ್ಣ ಕುಳಿಗಳು ಬೀಳುತ್ತವೆ. ಧೂಳನ್ನು ಒಣಬಟ್ಟೆಯಿಂದ ಎಂದಿಗೂ ಒರೆಸಬೇಡಿ.

ಕೊನೆಯದಾಗಿ ಮೇಣ. ಕಾರ್ನೌಬಾ ಮೇಣ ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಗಳಿಂದ ಬರುತ್ತದೆ. ನಮ್ಮ ತೆಂಗು, ಅಡಿಕೆಗಳೂ ಅದೇ ಕುಟುಂಬಕ್ಕೆ ಸೇರಿವೆ. ಅದು ಗೀರಿನಲ್ಲಿ ಮಾಡುವ ಕೆಲಸವೂ ತೆಂಗಿನೆಣ್ಣೆಯದ್ದೇ, ತಗ್ಗನ್ನು ತುಂಬಿ ಗೋಡೆಗಳನ್ನು ಮರೆಸುವುದು. ಆದರೆ ಶುದ್ಧ ಕಾರ್ನೌಬಾ ಕರಗಲು 80 ಡಿಗ್ರಿಗೂ ಹೆಚ್ಚಿನ ಶಾಖ ಬೇಕು, ಆದ್ದರಿಂದ ಅದು ಬಟ್ಟೆ ತಾಗಿದೊಡನೆ ಎದ್ದು ಬರದೆ ಕೆಲವು ವಾರಗಳಾದರೂ ನಿಲ್ಲುತ್ತದೆ.

[ದೃಶ್ಯ: ಫಲಕದ ಮೇಲೆ ಓರೆಯಾಗಿ ಬಿದ್ದ ಟಾರ್ಚ್ ಬೆಳಕು.]

ಇಲ್ಲಿ ನೋಡಿ. ಮೊದಲ ಎರಡು ಗೀರುಗಳು ನಾಲ್ಕು ಸುತ್ತಿನ ನಯವಾದ ಪಾಲಿಶ್‌ನಲ್ಲಿ ಪೂರ್ತಿ ಹೋಗಿವೆ. ಮೂರನೆಯದರಲ್ಲಿ ಉಗುರು ಸಿಕ್ಕಿಕೊಳ್ಳುತ್ತಿತ್ತು, ಅದೂ ಫಲಕದ ಅಂಚಿಗೆ ಹತ್ತಿರದಲ್ಲಿದೆ. ಅದರ ಗೋಡೆಗಳನ್ನು ಸ್ವಲ್ಪ ದುಂಡಗಾಗಿಸಿ ಮೇಣ ತುಂಬಿದ್ದೇನೆ. ಟಾರ್ಚ್ ಆರಿಸಿದರೆ ಕಾಣುವುದಿಲ್ಲ, ಹಿಡಿದರೆ ಕೂದಲೆಳೆಯಷ್ಟು ಕಾಣುತ್ತದೆ. ಅದನ್ನು ಅಲ್ಲಿಗೇ ಬಿಟ್ಟಿದ್ದೇನೆ. ಫಲಕ ನಾಳೆ ಬೆಳಿಗ್ಗೆ ಕುಂಜಿಬೆಟ್ಟಿಗೆ ಹೋಗುತ್ತದೆ.