ಬೆರಳಚ್ಚುಗಾರ ಬೇರೆ, ಬೆರಳಚ್ಚು ತಜ್ಞ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಬೀದಿಯ ಹುಡುಗ ಒಬ್ಬ ಮೊಬೈಲ್ ಹಿಡ್ಕೊಂಡು ಓಡ್ಬಂದ. ಬಿ.ಎಸ್ಸಿ. ಮುಗಿಸಿ ಒಂದು ವರ್ಷದಿಂದ ಮನೇಲಿದಾನೆ. ಅಂಕಲ್ ಬೆರಳಚ್ಚುಗಾರರ ಪೋಸ್ಟ್ ಕರೆದಿದಾರೆ, ನೀವು ಇದೇ ಕೆಲಸದಲ್ಲಿ ಇದ್ರಲ್ವಾ, ಏನು ಓದ್ಬೇಕು ಹೇಳಿ ಅಂದ. ತಗೊಂಡು ನೋಡ್ತೀನಿ, ಅದು ಟೈಪಿಸ್ಟ್ ಹುದ್ದೆ. ನಮ್ಮ ಸರ್ಕಾರಿ ಕನ್ನಡದಲ್ಲಿ ಟೈಪ್ ಮಾಡೋದಕ್ಕೂ ಬೆರಳಚ್ಚು ಅಂತಾರೆ, ಬೆರಳಿನ ಗುರುತಿಗೂ ಬೆರಳಚ್ಚು ಅಂತಾರೆ. ಬೆರಳಚ್ಚುಗಾರ ಅಂದ್ರೆ ಟೈಪಿಂಗ್ ಪರೀಕ್ಷೆ ಪಾಸಾದವರು, ಬೆರಳಚ್ಚು ತಜ್ಞ ಅಂದ್ರೆ ನಾನು ಮೂವತ್ತು ವರ್ಷ ಮಾಡಿದ ಕೆಲಸ. ಆ ಹುಡುಗನಿಗೆ ಈ ಎರಡನೇ ಕೆಲಸ ಅಂತ ಒಂದಿದೆ ಅನ್ನೋದೇ ಸರಿಯಾಗಿ ಗೊತ್ತಿರ್ಲಿಲ್ಲ. ಪೇಪರಲ್ಲಿ ದಿನಾ ಓದ್ತೀವಿ, ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು ಅಂತ, ಆದ್ರೆ ಆ ತಜ್ಞರು ಯಾರು, ಎಲ್ಲಿಂದ ಬರ್ತಾರೆ, ನಮ್ಮ ಮಕ್ಕಳು ಅಲ್ಲಿಗೆ ಹೋಗೋದು ಹೇಗೆ, ಇದನ್ನ ಯಾರೂ ಹೇಳಲ್ಲ. ಅದನ್ನ ಹೇಳೋಣ ಅಂತಾನೇ ಇವತ್ತು ಇಲ್ಲಿ ಕೂತಿದೀನಿ.

ಮೊದಲು ಕೆಲಸ ಏನು ಅಂತ ನೋಡೋಣ. ರಾತ್ರಿ ಒಂದು ಮನೆಗೆ ಕನ್ನ ಬಿತ್ತು ಅನ್ಕೊಳ್ಳಿ, ಬೆಳಿಗ್ಗೆ ಫೋನ್ ಬರತ್ತೆ, ನಾವು ಕಿಟ್ ತಗೊಂಡು ಹೋಗ್ತೀವಿ. ಬೀರು ಬಾಗಿಲು, ಕಿಟಕಿ ಸರಳು, ಗಾಜಿನ ಲೋಟ, ಬಲ್ಬು, ಕಳ್ಳ ಏನೇನು ಮುಟ್ಟಿರ್ಬೋದೋ ಅದೆಲ್ಲ ಹುಡುಕ್ಬೇಕು. ಟಾರ್ಚನ್ನ ಓರೆಯಾಗಿ ಹಿಡಿದ್ರೆ ಕಣ್ಣಿಗೆ ಕಾಣದ ಗುರುತೂ ಎದ್ದು ಕಾಣತ್ತೆ. ಕಪ್ಪು ಮೇಲ್ಮೈಗೆ ಬಿಳಿ ಅಥವಾ ಬೂದು ಪೌಡರು, ಬಿಳಿ ಮೇಲ್ಮೈಗೆ ಕಪ್ಪು ಪೌಡರು, ಮೆತ್ತನೆ ಬ್ರಶ್ಶಲ್ಲಿ ಸವರಿ, ಫೋಟೋ ತೆಗೆದು, ಆಮೇಲೆ ಟೇಪ್ ಹಾಕಿ ಎತ್ಕೋಬೇಕು. ಕಾಗದದ ಮೇಲಿನ ಗುರುತಿಗೆ ನಿನ್‌ಹೈಡ್ರಿನ್ ಅಂತ ಒಂದು ರಾಸಾಯನಿಕ ಹಾಕ್ತೀವಿ, ಬೆವರಲ್ಲಿರೋ ಅಮೈನೋ ಆಮ್ಲ ಅದರ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗತ್ತೆ. ಪ್ಲಾಸ್ಟಿಕ್ ಮೇಲಾದ್ರೆ, ನೀವು ಮುರಿದ ಆಟದ ಸಾಮಾನು ಅಂಟಿಸೋ ಸೂಪರ್ ಗ್ಲೂ ಇದೆಯಲ್ಲ, ಅದರದೇ ಹೊಗೆ ಕೊಟ್ರೆ ಬೆರಳಿನ ಗೆರೆಗಳು ಬೆಳ್ಳಗೆ ಕಾಣಿಸ್ಕೊಳ್ತವೆ. ಕೆಮಿಸ್ಟ್ರಿ ಓದಿದ ಮಕ್ಕಳಿಗೆ ಇದು ಇಷ್ಟ ಆಗತ್ತೆ ಅಂತ ಅದಕ್ಕೇ ಹೇಳೋದು.

ನಾನು ಸೇರಿದ ಹೊಸದ್ರಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಮನೆ ಕೆಲಸಕ್ಕಿದ್ದ ಹದಿನೇಳು ಹದಿನೆಂಟು ವರ್ಷದ ಹುಡುಗನ ಮೇಲೆ ಊರೆಲ್ಲ ಅನುಮಾನ, ಆಗ್ಲೇ ಅವನನ್ನ ಕೂರಿಸ್ಕೊಂಡಿದ್ರು. ಬೀರು ಮೇಲೆ ಚೆನ್ನಾಗಿರೋ ಮೂರು ಗುರುತು ಸಿಕ್ತು. ಎಲ್ಲಾ ಕಡೆ ಮಾಡೋ ಹಾಗೆ ಮನೆಯವರ ಬೆರಳಿನ ಗುರುತೂ ಬೇಕು ಅಂದೆ. ಮನೆ ಯಜಮಾನಮ್ಮನಿಗೆ ಕೋಪ ಬಂತು, ಒಡವೆ ಹೋಗಿರೋದು ನಮ್ದು, ನಮ್ಮನ್ನೇ ಕಳ್ಳರು ಅಂತೀರಾ ಅಂದ್ರು. ಅಲ್ಲಮ್ಮ, ನಿಮ್ಮ ಬೀರು ಮೇಲೆ ನಿಮ್ಮ ಬೆರಳು ಇದ್ದೇ ಇರತ್ತೆ, ಅದನ್ನ ತೆಗೆದು ಪಕ್ಕಕ್ಕಿಟ್ರೆ ಉಳಿಯೋದೇ ಹೊರಗಿನವರದ್ದು ಅಂತ ಕೂರಿಸಿ ವಿವರಿಸೋಕೆ ಅರ್ಧ ಗಂಟೆ ಹಿಡೀತು. ಕೊನೆಗೆ ಮೂರರಲ್ಲಿ ಎರಡು ಯಜಮಾನಮ್ಮಂದೇ, ಮೂರನೇದು ಆ ಹುಡುಗಂದೂ ಅಲ್ಲ, ಮನೆಯವರ್ದೂ ಅಲ್ಲ. ಹುಡುಗನ್ನ ಬಿಟ್ರು. ಆ ಮೂರನೇ ಗುರುತು ಯಾರದು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ, ನಿಜ, ಆದ್ರೂ ಅವತ್ತು ನಾನು ಬರೆದ ರಿಪೋರ್ಟಲ್ಲಿ ಹೋಲಿಕೆ ಇಲ್ಲ ಅನ್ನೋ ಎರಡು ಪದ ಇತ್ತಲ್ಲ, ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸ ಅದೇ ಅಂತ ಈಗ್ಲೂ ಅನ್ಸತ್ತೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕಳ್ಳನ್ನ ಹಿಡಿಯೋದು ನಮ್ಮ ಕೆಲಸ ಅಲ್ಲ, ಹೋಲಿಸೋದು ನಮ್ಮ ಕೆಲಸ, ಹೋಲಲಿಲ್ಲ ಅಂದ್ರೆ ಯಾರ ಒತ್ತಡಕ್ಕೂ ಹೋಲತ್ತೆ ಅಂತ ಬರೀಬಾರ್ದು.

ಈಗ ರೇಡಿಯೋ ಕೇಳ್ತಾನೇ ನಿಮ್ಮ ಬೆರಳ ತುದಿ ನೋಡ್ಕೊಳ್ಳಿ. ಚಿಕ್ಕವರಿದ್ದಾಗ ನಿನಗೆಷ್ಟು ಶಂಖ ನಿನಗೆಷ್ಟು ಚಕ್ರ ಅಂತ ಎಣಿಸ್ತಿದ್ವಲ್ಲ, ನಮ್ಮ ಶಾಸ್ತ್ರದ ಬುಡಾನೂ ಅದೇ. ಗುಂಡಗೆ ಸುತ್ತಿರೋದು ಸುಳಿ, ಇಂಗ್ಲಿಷಲ್ಲಿ ವರ್ಲ್. ಒಂದು ಕಡೆಯಿಂದ ಬಂದು ತಿರುಗಿ ಅದೇ ಕಡೆಗೆ ಹೋಗೋದು ಲೂಪ್, ಕಮಾನಿನ ಹಾಗೆ ದಾಟಿ ಹೋಗೋದು ಆರ್ಚ್. ಹೆಚ್ಚು ಜನರ ಬೆರಳಲ್ಲಿ ಲೂಪೇ ಜಾಸ್ತಿ, ಆರ್ಚ್ ತುಂಬಾ ಕಮ್ಮಿ. ತಾಯಿ ಹೊಟ್ಟೇಲಿ ಇರುವಾಗ್ಲೇ ಇವು ಮೂಡ್ತವೆ, ಒಂದೇ ರೂಪದ ಅವಳಿ ಮಕ್ಕಳಲ್ಲೂ ಬೇರೆ ಬೇರೆ ಇರ್ತವೆ.

ಪ್ರಪಂಚದ ಮೊದಲ ಫಿಂಗರ್ ಪ್ರಿಂಟ್ ಬ್ಯೂರೋ ಲಂಡನ್ನಲ್ಲಿ ಶುರುವಾದದ್ದಲ್ಲ, 1897ರಲ್ಲಿ ಕಲ್ಕತ್ತಾದಲ್ಲಿ. ಅದಕ್ಕೂ ಮುಂಚೆ 1858ರಲ್ಲೇ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ರಾಜ್ಯಧರ ಕೊನಾಯಿ ಅನ್ನೋ ಕಂಟ್ರಾಕ್ಟರ ಕೈಲಿ ಕರಾರು ಪತ್ರದ ಹಿಂದೆ ಇಡೀ ಅಂಗೈ ಒತ್ತಿಸ್ಕೊಂಡಿದ್ರು. ಆದ್ರೆ ಲಕ್ಷಾಂತರ ಗುರುತು ಸೇರಿದ ಮೇಲೆ ಬೇಕಾದ್ದನ್ನ ಹುಡುಕೋದು ಹೇಗೆ? ಅದಕ್ಕೆ ಲೆಕ್ಕ ಕಟ್ಟಿದ್ದು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಇಬ್ಬರೂ ಸಬ್ ಇನ್ಸ್‌ಪೆಕ್ಟರುಗಳು. ಹತ್ತು ಬೆರಳನ್ನ ಐದು ಜೋಡಿ ಮಾಡೋದು, ಮೊದಲನೇ ಜೋಡೀಲಿ ಸುಳಿ ಇದ್ರೆ 16 ಅಂಕ, ಆಮೇಲೆ 8, 4, 2, 1. ಪ್ರತಿ ಜೋಡಿಯ ಒಂದು ಬೆರಳಿನ ಅಂಕ ಭಿನ್ನರಾಶಿಯ ಹಾಗೆ ಗೆರೆಯ ಮೇಲೆ, ಇನ್ನೊಂದರದು ಕೆಳಗೆ, ಕೂಡಿಸಿ ಎರಡೂ ಕಡೆ ಒಂದೊಂದು ಸೇರಿಸಿದ್ರೆ ಮೇಲೆ 1ರಿಂದ 32, ಕೆಳಗೆ 1ರಿಂದ 32, ಗುಣಿಸಿದ್ರೆ 1024 ಗೂಡು. ಯಾರದೇ ಕಾರ್ಡ್ ಬಂದ್ರೂ ಅದರದೇ ಗೂಡಿಗೆ ಹೋಗಿ ಹುಡುಕ್ಬೋದು. ಇಷ್ಟು ಚೆಂದದ ಲೆಕ್ಕಕ್ಕೆ ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿದು, ಇವತ್ತಿಗೂ ಹೆನ್ರಿ ಸಿಸ್ಟಮ್ ಅಂತಾರೆ. ನಾನು ತರಬೇತಿ ಕೊಡುವಾಗೆಲ್ಲ ಹುಡುಗರ ಕೈಲಿ ಮೊದಲು ಹಕ್ ಮತ್ತು ಬೋಸ್ ಹೆಸರು ಬರೆಸ್ತಿದ್ದೆ.

ಸರಿ, ಕೆಲಸ ಎಲ್ಲೆಲ್ಲಿದೆ? ಬೆಂಗಳೂರಲ್ಲಿ ರಾಜ್ಯದ ಫಿಂಗರ್ ಪ್ರಿಂಟ್ ಬ್ಯೂರೋ ಇದೆ, ಜಿಲ್ಲೆಗಳಲ್ಲಿ ಅದರ ಘಟಕ ಇದೆ, ಇಲ್ಲಿರೋರಿಗೆ ಪೊಲೀಸ್ ದರ್ಜೆಗಳೇ. ದಿಲ್ಲೀಲಿ ಎನ್.ಸಿ.ಆರ್.ಬಿ., ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅದರ ಅಡಿ ಸೆಂಟ್ರಲ್ ಫಿಂಗರ್ ಪ್ರಿಂಟ್ ಬ್ಯೂರೋ ಇದೆ, 1955ರಲ್ಲಿ ಕಲ್ಕತ್ತಾದಲ್ಲಿ ಶುರುವಾದದ್ದು, ಅಲ್ಲಿ ಬಹಳಷ್ಟು ಹುದ್ದೆ ಡೆಪ್ಯುಟೇಶನ್ ಮೇಲೆ ತುಂಬ್ತಾರೆ, ಅಂದ್ರೆ ಮೊದಲು ರಾಜ್ಯದಲ್ಲಿ ಕೆಲಸ ಮಾಡಿ ಅನುಭವ ಇರ್ಬೇಕು. ತಜ್ಞ ಅನ್ನಿಸ್ಕೊಳ್ಳೋಕೆ ಅವರೇ ನಡೆಸೋ ಆಲ್ ಇಂಡಿಯಾ ಬೋರ್ಡ್ ಪರೀಕ್ಷೆ ಇದೆ, ಬರವಣಿಗೆ, ಪ್ರಾಕ್ಟಿಕಲ್, ಮೌಖಿಕ ಮೂರೂ ಇರತ್ತೆ, ಸುಲಭ ಅಲ್ಲ. ಇದಲ್ದೆ ಕರ್ನಾಟಕ ಪೊಲೀಸರು ಸೀನ್ ಆಫ್ ಕ್ರೈಮ್ ಆಫೀಸರ್ ಅಂತ ಹೊಸ ಹುದ್ದೆ ಮಾಡಿದಾರೆ, ಸೋಕೋ ಅಂತ ಕರೀತಾರೆ, ಸೈನ್ಸ್ ಓದಿದವರಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧ ಆದ್ರೆ ವಿಧಿವಿಜ್ಞಾನ, ಅಂದ್ರೆ ಫೊರೆನ್ಸಿಕ್, ತಜ್ಞರು ಸ್ಥಳಕ್ಕೆ ಹೋಗ್ಲೇಬೇಕು ಅನ್ನತ್ತೆ. ಇದನ್ನ ಪೂರ್ತಿ ಜಾರಿ ಮಾಡೋಕೆ ರಾಜ್ಯಗಳಿಗೆ ಐದು ವರ್ಷದ ತನಕ ಟೈಮ್ ಇದೆ. ಅಷ್ಟು ಜಾಗಕ್ಕೆ ಹೋಗೋಕೆ ಜನ ಬೇಕಲ್ವಾ, ಅದಕ್ಕೇ ಈಗ ಓದ್ತಿರೋ ಮಕ್ಕಳಿಗೆ ಇದು ಒಳ್ಳೆ ಕಾಲ ಅಂತ ನಾನು ನಂಬಿದೀನಿ.

ಓದೋಕೆ ದೂರ ಹೋಗ್ಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಬಹಳ ಹಿಂದಿನಿಂದ ಇದೆ, ಈಗ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕೆ ಬಂದಿದೆ.

ಇನ್ನು ಕಂಪ್ಯೂಟರ್ ವಿಷಯ. 2022ರಲ್ಲಿ ನಾಫಿಸ್ ಅನ್ನೋ ರಾಷ್ಟ್ರೀಯ ವ್ಯವಸ್ಥೆ ಬಂತು, ಬೇರೆ ಬೇರೆ ರಾಜ್ಯದವರು ಹಾಕಿದ ಗುರುತುಗಳನ್ನ ಒಂದೇ ಕಡೆ ಹುಡುಕ್ಬೋದು, ಪ್ರತಿ ಆರೋಪಿಗೂ ಹತ್ತು ಅಂಕಿಯ ಒಂದು ನಂಬರ್. ಹಾಗಾದ್ರೆ ತಜ್ಞರು ಯಾಕೆ ಅಂತ ಎಲ್ಲರೂ ಕೇಳ್ತಾರೆ. ಮೆಷಿನ್ ಕೊಡೋದು ಹತ್ತಿರದ ಹೋಲಿಕೆಗಳ ಒಂದು ಪಟ್ಟಿ ಅಷ್ಟೇ, ಅದರಲ್ಲಿ ಇದು ಅದೇ ಬೆರಳು ಅಂತ ಹೇಳಿ ಸಹಿ ಹಾಕಿ ಕೋರ್ಟಲ್ಲಿ ನಿಂತು ಪಾಟಿ ಸವಾಲಿಗೆ ಉತ್ತರ ಕೊಡೋದು ಮನುಷ್ಯನೇ. ಆ ಮನುಷ್ಯನೂ ತಪ್ಪಬಹುದು. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡೀತಲ್ಲ, ಅಲ್ಲಿ ಸಿಕ್ಕಿದ ಒಂದು ಗುರುತನ್ನ ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ. ಮೆಷಿನ್ನಿಗೆ ಹಾಕಿ, ಬಂದ ಪಟ್ಟಿಯಲ್ಲಿದ್ದ ಒಬ್ಬ ವಕೀಲರದ್ದೇ ಇದು ಅಂತ ಅನುಭವಿ ತಜ್ಞರೇ ಹೇಳಿಬಿಟ್ರು, ಆ ವಕೀಲರು ಎರಡು ವಾರ ಜೈಲಲ್ಲಿದ್ರು, ಆಮೇಲೆ ಸ್ಪೇನಿನ ಪೊಲೀಸರು ಅದು ಬೇರೆಯವರದ್ದು ಅಂತ ತೋರಿಸಿದ್ರು. ಇದನ್ನ ಪ್ರತಿಯೊಬ್ಬ ಹೊಸಬನೂ ಓದ್ಬೇಕು.

ಆಧಾರ್ ಬಗ್ಗೆ ಒಂದು ಮಾತು. ಆಧಾರ್ ಸೆಂಟರಲ್ಲಿ ಬೆರಳು ತಗೊಳ್ಳೋ ಆಪರೇಟರ್‌ಗಳು ಹೆಚ್ಚಿನವರು ಸರ್ಕಾರಿ ನೌಕರರಲ್ಲ, ಏಜೆನ್ಸಿ ಮೂಲಕ ಇರೋರು, ಅದಕ್ಕೆ ಪ್ರತ್ಯೇಕ ಸರ್ಟಿಫಿಕೇಟ್ ಪರೀಕ್ಷೆ ಇದೆ. ಪರ್ಮನೆಂಟ್ ಸರ್ಕಾರಿ ಕೆಲಸ ಕೊಡಿಸ್ತೀನಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಪೊಲೀಸರು ಯಾವ ಬೆರಳಿನ ಗುರುತನ್ನಾದ್ರೂ ಆಧಾರ್‌ನಲ್ಲಿ ಹುಡುಕ್ತಾರೆ ಅಂತ ಜನ ಅನ್ಕೊಂಡಿದಾರೆ, ಅದೂ ಇಲ್ಲ, 2016ರ ಆಧಾರ್ ಕಾಯ್ದೆ ಬೆರಳಿನ ಮತ್ತು ಕಣ್ಣಿನ ಮಾಹಿತಿಯನ್ನ ಬೇರೆಯವರಿಗೆ ಕೊಡೋ ಹಾಗಿಲ್ಲ ಅನ್ನತ್ತೆ.

ಆದ್ರೆ ಆಧಾರ್ ಸೆಂಟರಲ್ಲೋ ರೇಷನ್ ಅಂಗಡೀಲೋ ಬೆರಳು ತಗೊಳ್ಳೋಕೆ ಕೂತವರ ಕೆಲಸ ಸಣ್ಣದು ಅಂತ ನಾನು ಹೇಳಲ್ಲ. ಶಿಡ್ಲಘಟ್ಟದ ಕಡೆ ಬಿಸಿನೀರಲ್ಲಿ ಕೈ ಅದ್ದಿ ರೇಷ್ಮೆ ನೂಲು ತೆಗೆಯೋ ಹೆಣ್ಣುಮಕ್ಕಳು, ಮಲೆನಾಡಲ್ಲಿ ಅಡಿಕೆ ಸುಲಿಯೋರು, ಸಿಮೆಂಟ್ ಕಲಸೋರು, ಇವರ ಬೆರಳಿನ ಗೆರೆ ಸವೆದೇ ಹೋಗಿರತ್ತೆ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಕೊಟ್ರೆ ಮೆಷಿನ್ ತಗೊಳ್ಳಲ್ಲ. ನಿಮ್ದು ಬರಲ್ಲ ಹೋಗಿ ಅನ್ನೋದು ಸುಲಭ. ಬೆರಳು ಒರೆಸಿ, ಬೇರೆ ಬೆರಳು ಇಡಿಸಿ, ಆಗ್ಲಿಲ್ಲ ಅಂದ್ರೆ ಕಣ್ಣಿನ ಸ್ಕ್ಯಾನೋ ಓ.ಟಿ.ಪಿ.ನೋ ನೋಡೋ ತಾಳ್ಮೆ ಇರೋರು ಅಲ್ಲಿ ಬೇಕು, ಒಂದು ಮನೆಯ ಅಕ್ಕಿ ಅದು.

ಕಷ್ಟಾನೂ ಮುಚ್ಚಿಡಲ್ಲ. ಪೌಡರು ಮೂಗಿಗೆ ಹೋಗತ್ತೆ, ಭೂತಗನ್ನಡೀಲಿ ಗಂಟೆಗಟ್ಟಲೆ ಗೆರೆ ಎಣಿಸಿ ಕಣ್ಣು ಉರಿಯತ್ತೆ, ಹಬ್ಬದ ದಿನಾನೂ ಫೋನ್ ಬರತ್ತೆ. ಗುರುತು ಸಿಗದ ಶವ ಬಂದಾಗ ಅದರ ಬೆರಳನ್ನೂ ನಾವೇ ತಗೋಬೇಕು, ನೀರಲ್ಲಿ ಬಿದ್ದು ದಿನ ಆಗಿದ್ರೆ ಬೆರಳಿನ ಚರ್ಮ ಕೈಗವಸಿನ ಹಾಗೆ ಕಳಚಿ ಬರತ್ತೆ, ಅದನ್ನ ನಮ್ಮ ಬೆರಳಿಗೆ ಹಾಕ್ಕೊಂಡು ಒತ್ತಬೇಕಾಗತ್ತೆ. ಮೊದಲ ಸಲ ಮಾಡಿದ ರಾತ್ರಿ ನಾನು ಊಟ ಮಾಡ್ಲಿಲ್ಲ.

ಕೆರೆಯಲ್ಲಿ ಸಿಕ್ಕಿದ ಒಬ್ಬ ಮುದುಕರ ಶವಕ್ಕೆ ಹೀಗೇ ಗುರುತು ತಗೊಂಡಿದ್ದೆ. ಅವರು ಯಾವ ಕೇಸಲ್ಲೂ ಇರ್ಲಿಲ್ಲ, ನಮ್ಮ ದಾಖಲೆಯಲ್ಲಿ ಅವರ ಬೆರಳು ಎಲ್ಲಿಂದ ಬರ್ಬೇಕು? ಹತ್ತು ದಿನ ಆದ್ಮೇಲೆ ಅಪ್ಪ ಕಾಣ್ತಿಲ್ಲ ಅಂತ ದೂರದ ಹಳ್ಳಿಯಿಂದ ಒಬ್ಬರು ಬಂದ್ರು. ಫೋಟೋ ಇಲ್ಲ. ಏನಾದ್ರೂ ಇದೆಯಾ ಅಂದ್ರೆ ಸೊಸೈಟಿ ಸಾಲದ ಒಂದು ಹಳೇ ಪತ್ರ ತಂದ್ರು, ಅದರ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ನೀಲಿ ಇಂಕು, ಅರ್ಧ ಮಸುಕಾಗಿತ್ತು. ಎರಡು ದಿನ ಕೂತು ನೋಡ್ದೆ, ಗೆರೆ ಒಡೆಯೋ ಜಾಗ, ನಿಲ್ಲೋ ಜಾಗ, ನಡುವೆ ಒಂದು ಕುಡುಗೋಲಿನ ಗಾಯದ ಕಲೆ, ಎಲ್ಲ ಒಂದಕ್ಕೊಂದು ಕೂತ್ವು. ರಿಪೋರ್ಟ್ ಬರೆದು ಕೊಟ್ಟಾಗ ಆ ಮಗ ಅಳ್ಲಿಲ್ಲ, ಆ ಪತ್ರ ವಾಪಸ್ ಸಿಗತ್ತಾ ಸಾರ್, ಅಪ್ಪಂದು ಅಂತ ಇರೋದು ಅದೊಂದೇ ಅಂದ್ರು. ಕೇಸ್ ಮುಗಿಯೋ ತನಕ ಕೊಡೋ ಹಾಗಿರ್ಲಿಲ್ಲ. ನಮ್ಮ ಫೋಟೋಗ್ರಾಫರ್ ಆ ಹೆಬ್ಬೆಟ್ಟಿನ ಗುರುತನ್ನ ದೊಡ್ಡದು ಮಾಡಿ ಒಂದು ಪ್ರಿಂಟ್ ಹಾಕ್ಕೊಟ್ರು, ಅವರು ಅದನ್ನ ಟವೆಲ್‌ನಲ್ಲಿ ಸುತ್ಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದ್ರು.

ನಮಸ್ಕಾರ.