ಚಿಕ್ಕಪ್ಪನ ಹಲ್ಲು, ಸಂಘದ ಮೀಟರು

ಬೆಳಗ್ಗೆ ಆರೂವರೆ, ಕ್ಯಾಮೆರಾ ಆನ್. ಕಣದ ಮೇಲೆ ಇನ್ನೂ ಮಂಜು ಇದೆ. ಚಿಕ್ಕಪ್ಪ ಒಂದು ಭತ್ತದ ಕಾಳು ಬಾಯಿಗೆ ಹಾಕಿ ಕಚ್ಚಿದ್ರು. ‘ಟಕ್’ ಅಂತು. “ಒಣಗೈತೆ, ತುಂಬು ಮೂಟೆಗೆ” ಅಂದ್ರು. ಇದು ರಾಜಮುಡಿ, ಹಾಸನ, ಮಂಡ್ಯ ಕಡೆಯ ಹಳೇ ತಳಿ. ಅಕ್ಕಿ ಮೇಲೆ ಕೆಂಪು ಗೆರೆ ಇರುತ್ತಲ್ಲ, ಅದೇ.

ಮೊದಲೆಲ್ಲ ವ್ಯಾಪಾರಿ ಕಣಕ್ಕೇ ಬಂದು ತೂಕ ಹಾಕ್ಕೊಂಡು ಹೋಗ್ತಿದ್ದ. ರಾಸಾಯನಿಕ ಗೊಬ್ಬರ ಸುರಿದು ಬೆಳೆದಿದ್ದಕ್ಕೂ ಚಿಕ್ಕಪ್ಪನ ಸಾವಯವದ್ದಕ್ಕೂ ಅವನ ಹತ್ರ ಒಂದೇ ರೇಟು. ಈಗ ಚಿಕ್ಕಪ್ಪ ಸಂಘಕ್ಕೆ ಹಾಕ್ತಾರೆ. ಕಾಗದದಲ್ಲಿ ಅದು ರೈತ ಉತ್ಪಾದಕ ಕಂಪನಿ, ಊರವರ ಬಾಯಲ್ಲಿ ಸಂಘ. 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ದಾರಿ ಮಾಡಿದ್ರು. ಹತ್ತು ಜನ ರೈತರು ಸೇರಿದ್ರೆ ಸಾಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ವರ್ಷದ ಕೊನೆಗೆ ಲಾಭ ಉಳಿದ್ರೆ, ಯಾರು ಎಷ್ಟು ಮಾಲು ಹಾಕಿದ್ದಾರೆ ಅನ್ನೋ ಲೆಕ್ಕದಲ್ಲಿ ಬೋನಸ್ಸು. ಬೆಂಗಳೂರಿನ ಸಾವಯವ ಕೃಷಿಕರ ಬಳಗ ಸಹಜ ಸಮೃದ್ಧದವರು 2010ರಲ್ಲಿ ಕಟ್ಟಿದ್ದೂ ಇಂಥದ್ದೇ ಕಂಪನಿ.

ಈಗ ಸಂಘದ ಭತ್ತ ಅಕ್ಕಿಯಾಗೋ ಮಿಲ್ಲಿಗೆ ಬಂದ್ವಿ. ಇಲ್ಲಿ ಒಂದು ವಿಷಯ ಗಮನಿಸಿ. ಮಿಷನ್ನಿಂದ ಮೊದಲು ಬೀಳೋ ನಾಕೈದು ಕೆ.ಜಿ. ಅಕ್ಕೀನ ಪಕ್ಕಕ್ಕೆ ಎತ್ತಿಡ್ತಿದ್ದಾರೆ. ಹಿಂದಿನವರ ಅಕ್ಕಿ ಒಳಗೆ ಉಳಿದಿರುತ್ತೆ, ಅದು ಸಾವಯವದ ಚೀಲಕ್ಕೆ ಸೇರಬಾರದು. ಕ್ವಿಂಟಲ್ ಭತ್ತಕ್ಕೆ ಹೆಚ್ಚುಕಮ್ಮಿ 65 ಕೆ.ಜಿ. ಅಕ್ಕಿ ಸಿಗೋದು, ಅದರಲ್ಲೂ ಇಷ್ಟು ಬಿಡಬೇಕಲ್ಲಾ ಅಂತ ನನಗೇ ಹೊಟ್ಟೆ ಉರೀತು. ಪಾಲಿಷ್ ಮಾಡಲ್ಲ, ತೌಡು ಹಾಗೇ ಇರುತ್ತೆ. ಹಾಗಾಗಿ ಹುಳ ಬೇಗ ಬೀಳುತ್ತೆ. ಮಾಮೂಲಿ ಗೋಡೌನಲ್ಲಿ ಹುಳ ಸಾಯೋ ವಿಷದ ಮಾತ್ರೆ ಇಟ್ಟು ಮುಗಿಸ್ತಾರೆ, ಇಲ್ಲಿ ಅದಕ್ಕೆ ಜಾಗ ಇಲ್ಲ. ಅದಕ್ಕೇ ಭತ್ತವಾಗೇ ಇಟ್ಕೊಂಡು, ಆರ್ಡರ್ ಬಂದಷ್ಟು ಮಾತ್ರ ಮಿಲ್ ಮಾಡಿಸ್ತಾರೆ.

ಸಾವಯವ ಅಂತ ನಂಬೋದು ಹೇಗೆ? ಪಿಜಿಎಸ್ ಅಂತ, ರೈತರೇ ಒಬ್ಬರಿಗೊಬ್ಬರು ಖಾತ್ರಿ ಕೊಡೋ ಸರ್ಟಿಫಿಕೇಟ್ ಪದ್ಧತಿ ಇದೆ. ಕಡಿಮೆ ಅಂದ್ರೂ ಐದು ಜನ ರೈತರ ಗುಂಪು, ಒಬ್ಬರ ಗದ್ದೆ ಇನ್ನೊಬ್ಬರು ನಡೆದು ನೋಡಿ ಸಹಿ ಹಾಕ್ಬೇಕು. ಪಕ್ಕದ ಗದ್ದೆಯವನಿಗಿಂತ ದೊಡ್ಡ ಪತ್ತೇದಾರ ಯಾರಿದ್ದಾರೆ ಹೇಳಿ! ವಿದೇಶಕ್ಕೆ ಕಳಿಸೋಕೆ ಈ ಸರ್ಟಿಫಿಕೇಟ್ ನಡೆಯಲ್ಲ. ನಮ್ಮ ಚೀಲ ಹೇಗೂ ಮೈಸೂರು ದಾಟೋದೇ ಅಪರೂಪ.

ಕಷ್ಟ ಇರೋದು ದುಡ್ಡಲ್ಲಿ. ವ್ಯಾಪಾರಿ ಕಣದಲ್ಲೇ ನೋಟು ಎಣಿಸ್ತಿದ್ದ. ಸಂಘ ಅರ್ಧ ಈಗ ಕೊಡುತ್ತೆ, ಉಳಿದರ್ಧ ಅಕ್ಕಿ ಮಾರಿದ ಮೇಲೆ. ಹೋದ ವರ್ಷ ಪೇಟೆಯ ಒಂದು ಅಂಗಡಿಯವರು ಮೂರು ತಿಂಗಳು ಸತಾಯಿಸಿ, ಕೊನೆಗೆ ಹುಳ ಬಿದ್ದ ಇಪ್ಪತ್ತು ಪ್ಯಾಕೆಟ್ ವಾಪಸ್ ಕಳಿಸಿದ್ರು. ಅಷ್ಟರಲ್ಲಿ ಚಿಕ್ಕಮ್ಮನ ಬಳೆ ಬ್ಯಾಂಕಿಗೆ ಹೋಗಿತ್ತು. ಇಂಥ ಸಂಘಗಳು ಮುಗ್ಗರಿಸೋದು ಬೆಳೆಯೋಕೆ ಬರದೆ ಅಲ್ಲ, ಕೈಯಲ್ಲಿ ಬಂಡವಾಳ ಇಲ್ಲದೆ ಅಂತ ನನಗನ್ನಿಸಿದೆ.

ಮಧ್ಯಾಹ್ನ, ಸಂಘದ ಗೋಡೌನು. ಬೆಳಗ್ಗೆ ತುಂಬಿದ ಮೂಟೆಗೆ ತೇವಾಂಶದ ಮೀಟರ್ ಹಿಡಿದ ಹುಡುಗ ತಲೆ ಕೆರ್ಕೊಂಡ. ಶೇಕಡ ಹದಿನಾಲ್ಕರೊಳಗೆ ಇರಬೇಕಾದ್ದು ಹದಿನೈದೂವರೆ ತೋರಿಸ್ತಿದೆ.

“ತಗೊಳಕ್ಕಾಗಲ್ಲ ಅಣ್ಣ.”

“ಲೇ, ಈ ಸಂಘದ ಡೈರೆಕ್ಟ್ರು ಕಣ್ಲಾ ನಾನು!”

“ಅದ್ಕೇ ಅಣ್ಣ, ನಿಮ್ದು ತಗೊಂಡ್ರೆ ಎಲ್ಲಾರ್ದೂ ತಗೊಬೇಕಾಯ್ತದೆ.”

ಚಿಕ್ಕಪ್ಪ ಮಾತಾಡ್ಲಿಲ್ಲ. ಮೂಟೆ ಮತ್ತೆ ಟೆಂಪೋ ಹತ್ತಿತು. ಈಗ ಕಣದಲ್ಲಿ ಭತ್ತ ಹರಡ್ತಿರೋ ಕಾಲು ನಂದೇ. ಕ್ಯಾಮೆರಾ ಹಿಡಿದಿರೋದು ಚಿಕ್ಕಮ್ಮ, ಅದಕ್ಕೇ ಇಷ್ಟು ಅಲ್ಲಾಡ್ತಿದೆ.